ಕೆಂಪು ದೀಪ ಸಾಲದು, ಅಂಕಿ ಬೇಕು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನನ್ನ ಸಹೋದ್ಯೋಗಿಯೊಬ್ಬರು ಇಂದಿರಾನಗರದಲ್ಲಿ ತಮ್ಮ ವಿದ್ಯುತ್ ಕಾರಿಗೆ ಶೀಘ್ರ ಚಾರ್ಜು ಮಾಡಿಸಿಕೊಂಡು ಹಳೇ ಮದರಾಸು ರಸ್ತೆಯಲ್ಲಿ ಕೃಷ್ಣರಾಜಪುರದ ಕಡೆಗೆ ಹೊರಟರು. ಟಿನ್ ಫ್ಯಾಕ್ಟರಿಯ ಬಳಿ ವಾಹನಗಳ ಸಾಲು ನಿಂತಿತು. ಸ್ವಲ್ಪ ಹೊತ್ತಿನಲ್ಲಿಯೇ ಕಾರಿನ ಫಲಕದಲ್ಲಿ ಕೆಂಪು ದೀಪವೊಂದು ಹೊತ್ತಿಕೊಂಡಿತು. ಕಾರಿನ ಕಸುವು ಕುಗ್ಗಿತು. ದುರಸ್ತಿ ಶಾಲೆಯವರು ಯಂತ್ರದ ಸಂಕೇತವನ್ನು ಓದಿ, ಬ್ಯಾಟರಿ ಮಿತಿಮೀರಿ ಕಾದಿದೆ, ಅದನ್ನು ಬದಲಾಯಿಸಬೇಕು ಎಂದರು. ಅದು ಲಕ್ಷಗಟ್ಟಲೆ ರೂಪಾಯಿಗಳ ಮಾತು. ಏಕೆ ಕಾದಿದೆಯೆಂದು ಕೇಳಿದರೆ ಉತ್ತರವಿರಲಿಲ್ಲ.

ಕಾದಿದೆ ಎಂಬುದು ರೋಗದ ಲಕ್ಷಣ, ಅದೇ ರೋಗವಲ್ಲ. ಉಷ್ಣ ಎಲ್ಲಿ ಹುಟ್ಟಿತು, ಯಾವ ದಾರಿಯಿಂದ ಹೊರಹೋಗಬೇಕಾಗಿತ್ತು, ಆ ದಾರಿ ಎಲ್ಲಿ ಕಟ್ಟಿಕೊಂಡಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಯಾವ ಭಾಗವನ್ನೂ ಬದಲಾಯಿಸಲಾಗದು. ಈ ಪ್ರಶ್ನೆಗಳಿಗೆ ಬೇಕಾದ ವಿಜ್ಞಾನವು ನಮ್ಮ ವಿದ್ಯಾರ್ಥಿಗಳ ಪಠ್ಯಪುಸ್ತಕದಲ್ಲಿಯೇ ಇದೆ.

ಮೊದಲು ಹುಟ್ಟನ್ನು ನೋಡೋಣ. ರೋಧವುಳ್ಳ ವಾಹಕದಲ್ಲಿ ವಿದ್ಯುತ್ತು ಹರಿದಾಗ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಜೂಲನ ನಿಯಮ ಹೇಳುತ್ತದೆಯಷ್ಟೆ. ಬ್ಯಾಟರಿಯ ಒತ್ತಡ 360 ವೋಲ್ಟು, ಒಳರೋಧ 0.1 ಓಮ್ ಎಂದಿಟ್ಟುಕೊಳ್ಳೋಣ. 50 ಕಿಲೋವಾಟಿನಲ್ಲಿ ಶೀಘ್ರ ಚಾರ್ಜು ಮಾಡುವಾಗ ಸುಮಾರು 140 ಆಂಪಿಯರ್ ಹರಿಯುತ್ತದೆ. ಆಗ ಬ್ಯಾಟರಿಯೊಳಗೆ ಹುಟ್ಟುವ ಉಷ್ಣ ಸುಮಾರು 1,960 ವಾಟ್. ಮನೆಯಲ್ಲಿ ಸ್ನಾನದ ನೀರು ಕಾಯಿಸುವ ಗೀಸರಿಗೆ ಇದು ಸಮ. ಅದೇ ಕಾರು ಟಿನ್ ಫ್ಯಾಕ್ಟರಿಯ ಬಳಿ ತೆವಳುತ್ತಿರುವಾಗ 10 ಆಂಪಿಯರ್ ಎಳೆದರೆ ಹುಟ್ಟುವುದು ಬರಿಯ 10 ವಾಟ್. ಆದುದರಿಂದ ಕಾರನ್ನು ಕಾಯಿಸಿದ್ದು ವಾಹನಗಳ ಸಾಲಲ್ಲ. ಇಂದಿರಾನಗರದಿಂದ ಹೊತ್ತು ತಂದ ಉಷ್ಣವು ಹೊರಗೆ ಹೋಗಲಿಲ್ಲ, ಅಷ್ಟೆ.

ಪ್ರವಾಹದ ಈ ವರ್ಗನಿಯಮದಿಂದ ಇನ್ನೊಂದು ಮಾತೂ ತಿಳಿಯುತ್ತದೆ. 2001ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ತಯಾರಾಗಿ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲಿ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳಿದ್ದುವು. ಒಟ್ಟು ಒತ್ತಡ 48 ವೋಲ್ಟು. 7,200 ವಾಟ್ ಸಾಮರ್ಥ್ಯ ಬೇಕಾದರೆ ಅಲ್ಲಿ 150 ಆಂಪಿಯರ್ ಹರಿಯಬೇಕು. 360 ವೋಲ್ಟಿನ ಕಾರಿನಲ್ಲಿ 20 ಆಂಪಿಯರ್ ಸಾಕು. 0.01 ಓಮಿನಷ್ಟು ಸಡಿಲವಾದ ಒಂದು ತಿರುಪು ಮೊದಲನೆಯದರಲ್ಲಿ 225 ವಾಟ್ ಉಷ್ಣವನ್ನೂ ಎರಡನೆಯದರಲ್ಲಿ 4 ವಾಟ್ ಉಷ್ಣವನ್ನೂ ಹುಟ್ಟಿಸುತ್ತದೆ. ಒತ್ತಡವನ್ನು ಏಕೆ ಏರಿಸಿದರೆಂಬುದಕ್ಕೆ ಇದು ಒಂದು ಮುಖ್ಯ ಕಾರಣ.

ಇನ್ನು ಉಷ್ಣ ಹೊರಹೋಗುವ ದಾರಿ. ಪೆಟ್ರೋಲ್ ಎಂಜಿನ್ನು ವಿದ್ಯುತ್ ಮೋಟಾರಿಗಿಂತ ಎಷ್ಟೋ ಹೆಚ್ಚು ಉಷ್ಣವನ್ನು ಹುಟ್ಟಿಸುತ್ತದೆ. ಆದರೂ ಅದನ್ನು ತಣಿಸುವುದು ಸುಲಭ. ಏಕೆಂದರೆ ಅದರ ನೀರು ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಹೊರಗಿನ ಗಾಳಿ 34 ಡಿಗ್ರಿಯಿದ್ದರೆ ಅಂತರ 56 ಡಿಗ್ರಿ. ಲಿಥಿಯಮ್ ಬ್ಯಾಟರಿಗೆ 15ರಿಂದ 35 ಡಿಗ್ರಿಯ ಆಸುಪಾಸೇ ಹಿತ. ಅದು 42 ಡಿಗ್ರಿಗೆ ಏರಿದರೂ ಗಾಳಿಗೂ ಅದಕ್ಕೂ ಅಂತರ 8 ಡಿಗ್ರಿ ಮಾತ್ರ. ಅಂತರ ಕಡಿಮೆಯಾದಷ್ಟೂ ಉಷ್ಣವು ನಿಧಾನವಾಗಿ ಹೊರಹೋಗುತ್ತದೆಂಬುದು ನ್ಯೂಟನ್ನನ ನಿಯಮ. ಈ ಕಾರಣದಿಂದ ಅನೇಕ ಕಾರುಗಳಲ್ಲಿ ಎ.ಸಿ. ಯಂತ್ರವೇ ಬ್ಯಾಟರಿಯನ್ನೂ ತಣಿಸುತ್ತದೆ. ಅದು ಹೀರಿದ ಉಷ್ಣವನ್ನೆಲ್ಲ ಕಾರಿನ ಮುಂಭಾಗದ ಫ್ಯಾನು ಗಾಳಿಗೆ ತೂರುತ್ತದೆ.

ನನ್ನ ಮಿತ್ರರು ಕೊನೆಗೆ ಶಿವಾಜಿನಗರದ ಒಬ್ಬ ಹಿರಿಯ ಮೆಕ್ಯಾನಿಕ್ಕರ ಬಳಿ ಹೋದರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಗಾಡಿ ನಿಂತಾಗ ಎ.ಸಿ. ತಣ್ಣಗೆ ಬರುತ್ತದೆಯೆ, ಮೇಷ್ಟ್ರೆ?” ಓಡುವಾಗ ತಣ್ಣಗೆ ಬರುತ್ತಿತ್ತು, ನಿಂತಾಗ ಬರುತ್ತಿರಲಿಲ್ಲ. ಓಡುವಾಗ ಗಾಳಿ ತಾನಾಗಿಯೇ ನುಗ್ಗುತ್ತದೆ. ನಿಂತಾಗ ಫ್ಯಾನೇ ಗತಿ. ನೋಡಿದರೆ, ಫ್ಯಾನಿನ 12 ವೋಲ್ಟಿನ ತಂತಿಯ ಕನೆಕ್ಟರು ಸಡಿಲವಾಗಿ, ಕಂದುಗಟ್ಟಿ, ಅರ್ಧ ಕರಗಿತ್ತು. 20 ಆಂಪಿಯರ್ ಹರಿಯುವಲ್ಲಿ 0.1 ಓಮ್ ರೋಧ ಸೇರಿಕೊಂಡರೆ 2 ವೋಲ್ಟು ಅಲ್ಲಿಯೇ ನಷ್ಟವಾಗುತ್ತದೆ. ಬೆರಳ ತುದಿಯಷ್ಟು ಜಾಗದಲ್ಲಿ 40 ವಾಟ್ ಉಷ್ಣ ಹುಟ್ಟುತ್ತದೆ. ಕನೆಕ್ಟರನ್ನು ಬದಲಾಯಿಸಿದ ಮೇಲೆ ದೀಪ ಮತ್ತೆ ಹೊತ್ತಲಿಲ್ಲ. ಖರ್ಚು ಕೆಲವು ನೂರು ರೂಪಾಯಿ.

ಆ ಹಿರಿಯರ ಕ್ರಮವನ್ನು ಯಾರೂ ಕಲಿಯಬಹುದು. ನಿಂತಾಗ ಮಾತ್ರ ಕಾದರೆ ಗಾಳಿಯ ದಾರಿಯನ್ನು ಶಂಕಿಸಬೇಕು. ವೇಗವಾಗಿ ಓಡುವಾಗಲೂ ಕಾದರೆ ತಣಿಸುವ ದ್ರವದ ಮಟ್ಟವನ್ನೂ ಪಂಪನ್ನೂ ನೋಡಬೇಕು. ಚಾರ್ಜು ಮಾಡುವಾಗ ಪ್ಲಗ್ಗು ಸುಡುತ್ತಿದ್ದರೆ ದೋಷ ಸಂಪರ್ಕದಲ್ಲಿದೆ. ಬ್ಯಾಟರಿಯ ಎಲ್ಲ ಕೋಶಗಳೂ ಸಮನಾಗಿ ಕಾದಿದ್ದರೆ ತಣಿಸುವ ವ್ಯವಸ್ಥೆ ಕೆಟ್ಟಿರಬೇಕು. ಒಂದೇ ಮೂಲೆ ಕಾದಿದ್ದರೆ ಆ ಮೂಲೆಯಲ್ಲಿಯೇ ಕೇಡಿದೆ, ಬ್ಯಾಟರಿಯನ್ನು ಬಿಚ್ಚಲೇಬೇಕು.

ಈ ಕೊನೆಯ ಭೇದವನ್ನು ಕೆಂಪು ದೀಪ ತಿಳಿಸಲಾರದು, ಅಂಕಿ ತಿಳಿಸುತ್ತದೆ. ಬ್ಯಾಟರಿಯೊಳಗೆ ಉಷ್ಣಮಾಪಕಗಳು ಹೇಗೂ ಇವೆ. ಅವುಗಳ ಅಂಕಿಗಳನ್ನು ಕಾರಿನ ಒಡೆಯನಿಗೂ ಕಾಣುವಂತೆ ಎಲ್ಲ ತಯಾರಕರೂ ಫಲಕದ ಮೇಲೆ ತೋರಿಸಬೇಕು. ದುರಸ್ತಿ ಶಾಲೆಗಳು ಬ್ಯಾಟರಿಯನ್ನು ಬದಲಾಯಿಸುವ ಮೊದಲು ಆ ಅಂಕಿಗಳನ್ನೂ ಕಾರಣವನ್ನೂ ಬರೆದುಕೊಡಬೇಕು. 2022ರಲ್ಲಿ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಪ್ರಕರಣಗಳ ತರುವಾಯ ಕೇಂದ್ರ ಸರ್ಕಾರವು ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಿತು. ಅದು ಒಳ್ಳೆಯದೇ. ಆದರೆ ನಿಯಮಗಳ ಜೊತೆಗೆ ತಿಳಿದ ಕಣ್ಣುಗಳೂ ಬೇಕು.

ಅಂಕಿ ಕಂಡರೆ ಜನ ಸುಮ್ಮನೆ ಹೆದರುತ್ತಾರೆಂದು ಕೆಲವರು ಹೇಳುವುದುಂಟು. ಜ್ವರಮಾಪಕ ಮನೆಗೆ ಬಂದಾಗ ನಾವು ಹೆದರಿ ಕೂರಲಿಲ್ಲ. 99ಕ್ಕೂ 103ಕ್ಕೂ ಇರುವ ವ್ಯತ್ಯಾಸವನ್ನು ಓದು ಬಾರದ ತಾಯಂದಿರೂ ಕಲಿತರು. ಕಾರಿನ ವಿಷಯದಲ್ಲಿಯೂ ಹಾಗೆಯೇ ಕಲಿಯುತ್ತೇವೆ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣ ತೆಗೆಯುವ ಒತ್ತಡವಿರುತ್ತದೆ, ಅವುಗಳನ್ನು ಮುಟ್ಟಕೂಡದು. ಹೊಗೆಯೋ ವಿಚಿತ್ರ ವಾಸನೆಯೋ ಬಂದರೆ ಕಾರಣ ಹುಡುಕುತ್ತ ನಿಲ್ಲದೆ ಇಳಿದು ದೂರ ಹೋಗಬೇಕು. ಉಳಿದಂತೆ, ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ವಿದ್ಯುತ್ ಕಾರೊಂದಿದ್ದರೆ ಅದು ಯಾವಾಗ ಕಾಯುತ್ತದೆ, ಯಾವಾಗ ತಣಿಯುತ್ತದೆ ಎಂದು ಒಂದು ವಾರ ಬರೆದಿಡಿರಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಜೂಲನ ನಿಯಮವು ಆಗ ನಿಮ್ಮದಾಗುತ್ತದೆ.