ಎರಡನೆಯ ಕೋವಿ ಯಾರಿಗೆ, ಏತಕ್ಕೆ?

ಎಕ್ಕಂಬಿಯ ಸೀಮೆಯಲ್ಲಿ ಮನೆಯೊಳಗೆ ಒಂದು ಕೋವಿ ಇರುವುದು ಶ್ರೀಮಂತಿಕೆಯ ಗುರುತಲ್ಲ. ಶಿರಸಿಯಿಂದ ಬಯಲುಸೀಮೆಯ ಕಡೆಗೆ ಹೋಗುವ ದಾರಿಯಲ್ಲಿ, ಕಾಡು ತೆಳುವಾಗಿ ಗದ್ದೆಗಳು ತೆರೆದುಕೊಳ್ಳುವ ಸೆರಗಿನಲ್ಲಿರುವ ಊರು ಅದು. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ, ಬಾಳೆ ಗೊನೆ ಬಿಡುವ ಹೊತ್ತಿಗೆ ಮಂಗ. ರಾತ್ರಿಯೆಲ್ಲ ಮಾಳದಲ್ಲಿ ಕುಳಿತು ಬೆಳೆ ಕಾಯುವವನಿಗೆ ಕೋವಿಯೆಂಬುದು ಕತ್ತಿ ಗುದ್ದಲಿಗಳ ಸಾಲಿಗೇ ಸೇರಿದ ಸಾಮಾನು.

ಆದರೆ ಇರುವ ಒಂದು ಸಾಲದು, ಇನ್ನೊಂದು ಬೇಕು, ಅದೂ ರೈಫಲೇ ಆಗಬೇಕು ಎಂಬ ಆಸೆ ಕೆಲವರ ಮನಸ್ಸಿನಲ್ಲಿ ಸುಳಿಯುವುದುಂಟು. ಬೆಳೆ ಮಾರಿದ ದುಡ್ಡು ಕೈಯಲ್ಲಿದ್ದಾಗ ಈ ಆಸೆ ಬಲಿಯುತ್ತದೆ. ಇದು ಕೇವಲ ಹವ್ಯಾಸಿಗಳ ಮಾತೆಂದು ನಮ್ಮ ಗಿರಣಿ ಕೆಲಸಗಾರರೂ ಅಂಗಡಿಕಾರರೂ ತಳ್ಳಿಹಾಕಬಾರದು. ಗಿರಣಿಯಲ್ಲಿ ದುಡಿಯುವ ಎಷ್ಟೋ ಜನರ ಎರಡು ಗುಂಟೆ, ಅರ್ಧ ಎಕರೆ ಇನ್ನೂ ಊರಲ್ಲಿದೆ. ಕಾಯುವ ಅಣ್ಣತಮ್ಮಂದಿರು ಅಲ್ಲಿದ್ದಾರೆ. ಅಂಗಡಿಕಾರನ ಉದ್ರಿ ಪುಸ್ತಕ ಚುಕ್ತಾ ಆಗುವುದು ಅದೇ ಬೆಳೆಯಿಂದ. ಆದುದರಿಂದ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮೆಲ್ಲರ ಪ್ರಶ್ನೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ರೈತನ ಕೈಯಲ್ಲಿ ಆಯುಧವಿರಬಾರದೆಂದು ವಾದಿಸುವವರ ಪೈಕಿ ನಾವಲ್ಲ. 1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದು ಆಯುಧ ಒಪ್ಪಿಸಿರೆಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಸರಕಾರದ ಫೌಜು ಊರಿಗೆ ಬೆಂಕಿಯಿಟ್ಟಿತು. 19 ಮಂದಿಯನ್ನು ಗಲ್ಲಿಗೇರಿಸಿತು. 1878ರ ಆಯುಧ ಕಾಯಿದೆಯಂತೂ ಬಿಳಿಯರಿಗೆ ವಿನಾಯಿತಿ ಕೊಟ್ಟು ಈ ದೇಶದವರಿಗೆ ಮಾತ್ರ ಪರವಾನಗಿಯ ಬೇಡಿ ತೊಡಿಸಿತು. ಸ್ವತಂತ್ರ ಭಾರತ 1959ರಲ್ಲಿ ಹೊಸ ಆಯುಧ ಕಾಯಿದೆ ಮಾಡಿದಾಗ ಬೆಳೆ ರಕ್ಷಣೆಗೆಂದು ಕೋವಿ ಕೇಳುವ ರೈತನಿಗೆ ಅದರಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟಿತು. ಆ ಹಕ್ಕನ್ನು ನಾವು ಬಿಟ್ಟುಕೊಡುವ ಮಾತಿಲ್ಲ. ಹಕ್ಕು ಇದೆಯೆಂದು ಕೊಂಡದ್ದೆಲ್ಲ ಉಪಯೋಗಕ್ಕೆ ಬರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಈಗ ಕಾಯಿದೆ ಏನು ಹೇಳುತ್ತದೆ ನೋಡೋಣ. 1983ರ ತಿದ್ದುಪಡಿ ಒಬ್ಬನಿಗೆ ಮೂರು ಆಯುಧಗಳವರೆಗೆ ಅವಕಾಶ ಕೊಟ್ಟಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು; ಮಸೂದೆಯಲ್ಲಿ ಮೊದಲು ಬರೆದದ್ದು ಒಂದೇ ಎಂದು. ಮೂರನೆಯದು ಇದ್ದವರು ವರ್ಷದೊಳಗೆ ಪೋಲೀಸ್ ಠಾಣೆಗೋ ಪರವಾನಗಿ ಇದ್ದ ವ್ಯಾಪಾರಿಗೋ ಒಪ್ಪಿಸಬೇಕಾಯಿತು. ಇದರಲ್ಲಿ ಅನೇಕರು ಗಮನಿಸದ ಒಂದು ಕಲಮು ಇದೆ. ಹಿರಿಯರಿಂದ ವಾರಸಿನ ಮೂಲಕ ಬರುವ ಕೋವಿಯೂ ಈ ಎರಡರ ಲೆಕ್ಕದಲ್ಲೇ ಸೇರುತ್ತದೆ. ತಂದೆಯ ಹೆಸರಿನಲ್ಲಿ ಒಂದು ಹಳೆಯ ಕೋವಿ ಇರುವವನು ಇಂದು ಸ್ವಂತಕ್ಕೆ ಎರಡನೆಯದನ್ನು ಕೊಂಡರೆ, ನಾಳೆ ತಂದೆಯದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲಾರ. ಅಜ್ಜನ ಕಾಲದ ಕೋವಿ ಮನೆಯಿಂದ ಹೊರಗೆ ಹೋಗುತ್ತದೆ. ಅಂಗಡಿಯಿಂದ ತಂದದ್ದು ಉಳಿಯುತ್ತದೆ. ಖಾಲಿ ಇರುವ ಆ ಎರಡನೆಯ ಸ್ಥಾನವನ್ನು ತುಂಬುವ ಮುಂಚೆ ಮನೆಯವರೆಲ್ಲ ಕುಳಿತು ಇದನ್ನು ಮಾತಾಡಿಕೊಳ್ಳುವುದು ಮೇಲು.

ಇನ್ನು ಆಯ್ಕೆಯ ಮಾತು. ಕೇಪಿನ ಕೋವಿಗೆ ಮದ್ದನ್ನು ಬಾಯಿಂದ ತುಂಬಬೇಕು. ಒಂದು ಈಡು ಹಾರಿಸಿದ ಮೇಲೆ ಇನ್ನೊಂದಕ್ಕೆ ಹೊತ್ತು ಹಿಡಿಯುತ್ತದೆ. ಮಳೆಗಾಲದ ತೇವಕ್ಕೆ ಕೈಕೊಡುತ್ತದೆ. ಇದು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ಬೆಳೆ ರಕ್ಷಣೆಗೆ ನುಣುಪು ನಳಿಗೆಯ ಬೇರೆ ಕೋವಿ, ಅಂದರೆ ಹನ್ನೆರಡು ಬೋರಿನ ತೋಟಾ ಕೋವಿ, ಕೊಡಬಹುದೆಂದು ಕಾಯಿದೆಯೇ ಹೇಳುತ್ತದೆ. ರೈಫಲು ಆ ಮಾತಿನಲ್ಲಿ ಸೇರಿಲ್ಲ. ಅದನ್ನು ಕೇಳುವವನು ಬೇರೆ ಸಕಾರಣ ತೋರಿಸಬೇಕು. ಸೈನ್ಯದ .303 ಜಾತಿಯದು ಸಾಮಾನ್ಯನಿಗೆ ನಿಷಿದ್ಧ. ಪರವಾನಗಿಯ ಮೇಲೆ ಸಿಗಬಹುದಾದದ್ದು ಸರಕಾರಿ ಕಾರಖಾನೆಯ.315, ಇಲ್ಲವೆ ಸಣ್ಣ .22.

ಈ ಭೇದದಲ್ಲಿ ಜೀವದ ಪ್ರಶ್ನೆ ಅಡಗಿದೆ. ತೋಟಾ ಕೋವಿಯ ಸಣ್ಣ ಚರೆ ಹರಡಿಕೊಂಡು ಹೋಗಿ ನಲವತ್ತು ಐವತ್ತು ಗಜದಾಚೆ ಬಲಗುಂದುತ್ತದೆ. ರೈಫಲಿನ ನಳಿಗೆಯೊಳಗೆ ಸುರುಳಿ ಗೆರೆ ಕೊರೆದಿರುವುದರಿಂದ ಗುಂಡು ತಿರುಗುತ್ತ ನೆಟ್ಟಗೆ ಧಾವಿಸುತ್ತದೆ. ಆಟದ ಸಾಮಾನಿನಂತೆ ತೋರುವ .22ರ ಗುಂಡು ಕೂಡ ಒಂದು ಮೈಲಿಯವರೆಗೆ ಹೋಗಬಲ್ಲುದು; .315ರದು ಅದಕ್ಕೂ ದೂರ. ಬಯಲಲ್ಲಿ ಗುಂಡಿನ ಹಿಂದೆ ಏನಿದೆಯೆಂದು ಕಾಣಬಹುದು. ನಮ್ಮ ತೋಟಗಳಲ್ಲಿ ಅಡಿಕೆ ಮರದ ಸಾಲಿನಾಚೆ ಕೊನೆ ಕೊಯ್ಯುವವನಿದ್ದಾನೆ, ಸೊಪ್ಪಿನ ಹೊರೆ ಹೊತ್ತ ಹೆಂಗಸಿದ್ದಾಳೆ, ಶಾಲೆಗೆ ಹೋಗುವ ಮಕ್ಕಳ ಕಾಲುದಾರಿಯಿದೆ. ಕತ್ತಲೆಯಲ್ಲಿ ಹಂದಿಯೆಂದು ಬಗೆದು ಮನುಷ್ಯನಿಗೆ ಗುಂಡು ಹೊಡೆದ ಸುದ್ದಿ ಮಲೆನಾಡಿಗೆ ಹೊಸದಲ್ಲ. ಸಾಯುವವನು ಬಹುಪಾಲು ಕೂಲಿಯವನು. ಜೈಲಿಗೆ ಹೋಗುವವನು ಸಣ್ಣ ರೈತ. ಎರಡು ಮನೆ ಹಾಳು. ಹಾಗಾಗಿ ಕೇಪಿನ ಕೋವಿ ಹಳತಾಯಿತು, ಇನ್ನೊಂದು ಬೇಕೇ ಬೇಕು ಎನ್ನುವವನಿಗೆ ನಮ್ಮ ಸಲಹೆ ತೋಟಾ ಕೋವಿಯೇ ಹೊರತು ರೈಫಲ್ ಅಲ್ಲ. ಸಂತೆಯ ದುಡ್ಡು ಕಟ್ಟಿಕೊಂಡು ರಾತ್ರಿ ಮನೆಗೆ ಹೊರಟ ಅಂಗಡಿಕಾರನಿಗಂತೂ ಮಾರುದ್ದದ ರೈಫಲು ಹೊರೆಯಾದೀತೇ ಹೊರತು ರಕ್ಷಣೆಯಾಗದು.

ಆದರೆ ಇದಕ್ಕಿಂತ ದೊಡ್ಡ ಪ್ರಶ್ನೆ ಮುಂದಿದೆ. ಕೋವಿಯ ಪರವಾನಗಿ ಬೇರೆ, ಪ್ರಾಣಿಗೆ ಹೊಡೆಯುವ ಅನುಮತಿ ಬೇರೆ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಬೆಳೆ ತಿನ್ನುವ ಹಂದಿಯನ್ನು ಹೊಡೆಯಲು ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಆಜ್ಞೆ ಬೇಕು. ಅದಿಲ್ಲದೆ ಹೊಡೆದರೆ ಒಂದು ಕೋವಿಯಿದ್ದವನೂ ಅಪರಾಧಿ, ಎರಡಿದ್ದವನೂ ಅಪರಾಧಿ. ಮಂಗನ ವಿಷಯದಲ್ಲಿ ಇನ್ನೊಂದು ಅಪಾಯವಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಸಿದ್ದಾಪುರದ ಕಡೆ ಜೀವ ತೆಗೆದಿದೆ. ಸತ್ತ ಮಂಗನ ಮೈಯ ಉಣುಗು ಸುತ್ತಲಿನವರಿಗೆ ಹತ್ತುತ್ತದೆ. ಹೀಗಿರುವಾಗ ಬೆಳೆಗಾರನ ಕೋವಿ ಮಾಡುವ ಕೆಲಸ ಬಹುಮಟ್ಟಿಗೆ ಒಂದೇ, ಸದ್ದು ಮಾಡಿ ಬೆದರಿಸುವುದು. ಆ ಸದ್ದಿಗೆ ಮೊದಲನೆಯ ಕೋವಿಯೇ ಸಾಕು.

ಚುನಾವಣೆ ಬಂತೆಂದರೆ ಆ ಸದ್ದೂ ಇಲ್ಲ. ನೀತಿ ಸಂಹಿತೆ ಜಾರಿಯಾದೊಡನೆ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆಜ್ಞೆ ಹೊರಡುತ್ತದೆ. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ, ಹೀಗೆ ಎರಡು ಬೇಸಿಗೆ ನಮ್ಮ ಜಿಲ್ಲೆ ಮತದಾನ ಮಾಡಿತು. ಪ್ರತಿಯೊಬ್ಬನ ವಿಷಯವನ್ನೂ ಜಿಲ್ಲಾ ಮಟ್ಟದ ಸಮಿತಿ ಪರಿಶೀಲಿಸಿ ಯಾರಿಂದ ಕೋವಿ ಪಡೆಯಬೇಕೆಂದು ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ್ದೇ ಸೂಚನೆ. ಎಂದೂ ಒಂದು ತಂಟೆಗೆ ಹೋಗದ ಬೆಳೆಗಾರನನ್ನೂ ಗೂಂಡಾನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಆ ಸೂಚನೆಗೆ ಹೊಂದುವ ಕೆಲಸವಲ್ಲ. ಎರಡು ಕೋವಿ ಇದ್ದವನು ಎರಡನ್ನೂ ಹೊತ್ತು ಠಾಣೆಗೆ ನಡೆಯಬೇಕು, ಅಷ್ಟೇ ವ್ಯತ್ಯಾಸ.

ಹಂದಿ, ಮಂಗಗಳ ಮೇಲೆ ನಮಗೆ ಹಗೆಯಿಲ್ಲ. ಜಿಲ್ಲೆಯ ನೂರರಲ್ಲಿ ಸುಮಾರು ಎಂಬತ್ತು ಪಾಲು ಅರಣ್ಯವೆಂದು ಕಾಗದದಲ್ಲಿದೆ. ಆ ಅರಣ್ಯದ ಎಷ್ಟೋ ಭಾಗದಲ್ಲಿ ತೇಗ, ಅಕೇಶಿಯಾ ನೆಟ್ಟದ್ದು ಸರಕಾರ. ಅಕೇಶಿಯಾದ ತೋಪಿನಲ್ಲಿ ಮಂಗನಿಗೆ ಹಣ್ಣಿಲ್ಲ. ಹಸಿದ ಪ್ರಾಣಿ ಗದ್ದೆಗೆ ಬರುತ್ತದೆ. ಆ ನಷ್ಟವನ್ನು ಒಬ್ಬ ರೈತ ತನ್ನ ಜೇಬಿನಿಂದ, ಇನ್ನೊಂದು ಕೋವಿ ಕೊಂಡು, ತುಂಬಿಕೊಳ್ಳಬೇಕೆಂಬುದು ಯಾವ ನ್ಯಾಯ?

ಆದುದರಿಂದ ನಾವು ಕೇಳುವುದು ಇಷ್ಟು. ಕೇರಳ ಸರಕಾರ 2022ರಲ್ಲಿ ಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತಿಯ ಮಟ್ಟಕ್ಕೆ ಇಳಿಸಿತು. ಆ ಅಧಿಕಾರ ನಮ್ಮ ಗ್ರಾಮ ಪಂಚಾಯತಿಗಳ ಬಾಗಿಲಿಗೂ ಬರಲಿ. ಬೆಳೆ ಹಾನಿಯ ಪರಿಹಾರ ಮುಂದಿನ ಬಿತ್ತನೆಯೊಳಗೆ ಕೈಸೇರಲಿ. ಚುನಾವಣೆಯಲ್ಲಿ ಬೆಳೆ ರಕ್ಷಣೆಯ ಕೋವಿಯನ್ನು ವಿಚಾರಿಸದೆ ಕಸಿಯದಿರಲಿ. ಪರವಾನಗಿಯ ಕೆಲಸಕ್ಕಾಗಿ ಬಡವನು ಘಟ್ಟ ಇಳಿದು ಕಾರವಾರಕ್ಕೆ ಅಲೆಯುವುದು ತಪ್ಪಲಿ.

ಎರಡನೆಯ ಕೋವಿಗೆಂದು ದುಡ್ಡು ತೆಗೆದಿಟ್ಟವರಿಗೆ ನಮ್ಮದೊಂದು ವಿನಂತಿ. ಅಕ್ಕಪಕ್ಕದ ನಾಲ್ಕು ಗದ್ದೆಯವರನ್ನು ಕೂಡಿಸಿರಿ. ಆ ದುಡ್ಡಿಗೆ ಅವರ ಪಾಲನ್ನೂ ಸೇರಿಸಿ ನಾಲ್ಕೂ ಗದ್ದೆಗಳಿಗೆ ಒಂದೇ ಬೇಲಿ ಹಾಕಿರಿ, ಸರದಿಯ ಮೇಲೆ ಕಾವಲು ಕಾಯಿರಿ. ಒಬ್ಬೊಬ್ಬನೇ ಬೇಲಿ ಹಾಕಿದರೆ ಹಂದಿ ಪಕ್ಕದವನ ಗದ್ದೆಗೆ ಹೋಗುತ್ತದೆ. ಮೊದಲನೆಯ ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಿರಿ. ಮೇಲಿನ ಬೇಡಿಕೆಗಳ ಅರ್ಜಿಗೆ ಸಹಿ ಮಾಡಲು ಮಾತ್ರ ಮನೆಗೊಬ್ಬರಂತೆ ಬನ್ನಿರಿ.