ಸಾಮಾನು ಚೀಟಿಯ ವಿಜ್ಞಾನ

ಕಳೆದ ತಿಂಗಳು ನನ್ನ ಶ್ರೀಮತಿ ತಮ್ಮ ಅಕ್ಕನಿಗೆ ಹುಷಾರಿಲ್ಲವೆಂದು ಊರಿಗೆ ಹೋಗಿದ್ದರು. ತಿಂಗಳ ದಿನಸಿ ತರುವ ಹೊಣೆ ನನ್ನ ಮತ್ತು ಮಗಳ ಪಾಲಿಗೆ ಬಂತು. ಫೋನಿನಲ್ಲಿ ಅವರು ಹೇಳುತ್ತ ಹೋದರು, ಮಗಳು ಬರೆಯುತ್ತ ಹೋದಳು: ತೊಗರಿಬೇಳೆ, ಬಟ್ಟೆ ಸೋಪು, ಮೊಸರು, ಸಾಸಿವೆ, ಬ್ರೆಡ್ಡು, ಅಕ್ಕಿ, ಕೊತ್ತಂಬರಿ ಸೊಪ್ಪು, ಉಪ್ಪು, ಟೂತ್‌ಪೇಸ್ಟ್, ಉದ್ದಿನಬೇಳೆ... ಹೀಗೆ ಒಟ್ಟು 22 ಸಾಮಾನು.

ಸೂಪರ್ ಮಾರ್ಕೆಟ್ಟಿನಲ್ಲಿ ಚೀಟಿಯನ್ನು ಮೇಲಿನಿಂದ ಕೆಳಗೆ ಓದುತ್ತ ಹೊರಟೆವು. ಬೇಳೆಕಾಳಿನ ಕಪಾಟಿಗೆ ಮೂರು ಸಲ, ಸೋಪಿನ ಕಡೆಗೆ ಎರಡು ಸಲ ಹೋಗಿ ಬಂದದ್ದಾಯಿತು. ಹೊರಬರುವಾಗ ಒಂದೂವರೆ ಗಂಟೆ ಕಳೆದಿತ್ತು. ಮನೆಗೆ ಬಂದು ನೋಡಿದರೆ ಬ್ರೆಡ್ಡು ಅಕ್ಕಿಯ ಚೀಲದಡಿ ಸಿಕ್ಕಿ ಚಪ್ಪಟೆಯಾಗಿದೆ. ಉಪ್ಪು ಬಂದೇ ಇಲ್ಲ!

ಊರಿನಿಂದ ಬಂದ ಶ್ರೀಮತಿಗೆ ನಮ್ಮ ಪ್ರತಾಪವನ್ನು ವರ್ಣಿಸಿದೆ. ಅವರು ನಗಲಿಲ್ಲ. "ರೀ, ಇಷ್ಟು ವರ್ಷ ಅದನ್ನೆಲ್ಲ ನಾನು ತಲೆಯಲ್ಲೇ ಇಟ್ಟುಕೊಂಡು ತರ್ತಿದ್ದೆ. ಹೇಗೆ ತರ್ತೀಯ ಅಂತ ಒಂದು ದಿನವಾದರೂ ಕೇಳಿದ್ದೀರಾ?" ಎಂದರು. ಜೀವಿಗಳ ವರ್ಗೀಕರಣದ ಪಾಠವನ್ನು ಪ್ರತಿ ವರ್ಷ ಮಾಡುವ ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ.

ಹಿಂದೆ ಸಾಮಾನು ಚೀಟಿಯ ಕ್ರಮ ಹೇಗಿದ್ದರೂ ನಡೆಯುತ್ತಿತ್ತು. ದಿನಸಿ ಅಂಗಡಿಯ ಕಟ್ಟೆಯ ಮೇಲೆ ಚೀಟಿ ಇಟ್ಟರೆ ಸಾಕು, ಒಳಗಿದ್ದವರು ಒಂದೊಂದನ್ನೇ ತೂಗಿ, ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಯಾವುದು ಎಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ 'ಪಿಗ್ಲಿ ವಿಗ್ಲಿ' ಎಂಬ ವಿಚಿತ್ರ ಹೆಸರಿನ ಅಂಗಡಿ ತೆರೆದ. ಅಲ್ಲಿ ಗಿರಾಕಿಗಳೇ ಕಪಾಟುಗಳ ನಡುವೆ ನಡೆದು ತಮಗೆ ಬೇಕಾದುದನ್ನು ಆರಿಸಿಕೊಳ್ಳಬೇಕಿತ್ತು. ಇಂದಿನ ಸೂಪರ್ ಮಾರ್ಕೆಟ್ಟಿಗೆ ದಾರಿ ತೋರಿದ್ದು ಈ ಪದ್ಧತಿಯೇ. ಹುಡುಕುವ, ನಡೆಯುವ ಕೆಲಸ ಹೀಗೆ ನಮ್ಮ ಪಾಲಿಗೆ ಬಂತು. ನಾವು ಚೀಟಿ ಬರೆಯುವ ರೀತಿ ಮಾತ್ರ ಬದಲಾಗಲಿಲ್ಲ.

ನಾವು ಚೀಟಿ ಬರೆಯುವುದು ನೆನಪಾದ ಕ್ರಮದಲ್ಲಿ. ಅಂಗಡಿಯಲ್ಲಿ ಸಾಮಾನುಗಳು ಇರುವುದು ಬೇರೆಯೇ ಕ್ರಮದಲ್ಲಿ. ತೊಂದರೆಯ ಮೂಲ ಇಲ್ಲಿದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಹತ್ತು ಸಾಮಾನುಗಳನ್ನು ಒಂದಾದ ಮೇಲೊಂದರಂತೆ ತರಲು ಎಷ್ಟು ಬೇರೆ ಬೇರೆ ಕ್ರಮಗಳಿವೆ? 10×9×8×...×1, ಅಂದರೆ 36,28,800! ಇವುಗಳಲ್ಲಿ ಕಾಲಿಗೆ ಹಿತವಾದವು ಬಹಳ ಕಡಿಮೆ. ಆದರೆ ಆ ಹತ್ತನ್ನೇ ಅಂಗಡಿಯ ಸಾಲುಗಳಿಗೆ ತಕ್ಕಂತೆ ನಾಲ್ಕು ಗುಂಪು ಮಾಡಿದರೆ, ಗುಂಪುಗಳ ಕ್ರಮ ಕೇವಲ 24. ಅದರಲ್ಲಿ ಒಳ್ಳೆಯದನ್ನು ಆರಿಸುವುದು ಮಕ್ಕಳಿಗೂ ಸಾಧ್ಯ.

ಗುಂಪು ಮಾಡುವುದರಿಂದ ನೆನಪಿಗೂ ಸಹಾಯವಾಗುತ್ತದೆ. ಮನುಷ್ಯ ಒಮ್ಮೆಗೆ ಸುಮಾರು ಏಳು ಅಂಶಗಳನ್ನಷ್ಟೇ ಮನಸ್ಸಿನಲ್ಲಿ ಹಿಡಿದಿಡಬಲ್ಲ ಎಂದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಅದು ನಾಲ್ಕರ ಆಸುಪಾಸು ಮಾತ್ರ ಎಂಬುದು ಅನಂತರದ ಸಂಶೋಧಕರ ಅಭಿಪ್ರಾಯ. ಹೀಗಿರುವಾಗ 22 ಸಾಮಾನುಗಳ ನಡುವೆ ಉಪ್ಪು ಜಾರಿಹೋದದ್ದು ಆಶ್ಚರ್ಯವಲ್ಲ. 'ಸಾಂಬಾರ ಪದಾರ್ಥ: ಸಾಸಿವೆ, ಜೀರಿಗೆ, ಉಪ್ಪು' ಎಂದು ಒಂದೆಡೆ ಬರೆದಿದ್ದರೆ ಅದು ಕಣ್ಣು ತಪ್ಪುತ್ತಿರಲಿಲ್ಲ.

ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಹೆಸರನ್ನು ನೀವು ಕೇಳಿರಬಹುದು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಅವರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವೊಂದನ್ನು ಆರಂಭಿಸಿದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸುವುದನ್ನು ಕುರಿತದ್ದು. ಪುಸ್ತಕಗಳನ್ನು ವಿಂಗಡಿಸಿಡುವುದು ಹುಡುಕುವವರ ಹೊತ್ತು ಉಳಿಯಲೆಂದು. ಸಾಮಾನು ಚೀಟಿಗೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ಏನು ಮಾಡಬೇಕು? ಮುಂದಿನ ಸಲ ಅಂಗಡಿಗೆ ಹೋದಾಗ ಬಾಗಿಲಿನಿಂದ ಬಿಲ್ ಕೌಂಟರಿನವರೆಗೆ ಯಾವ ಸಾಲಿನಲ್ಲಿ ಏನಿದೆ ಎಂಬ ಒರಟು ನಕ್ಷೆಯನ್ನು ಬರೆದುಕೊಳ್ಳಿ. ಅದೇ ಕ್ರಮದಲ್ಲಿ ತಲೆಬರಹಗಳನ್ನು ಹಾಕಿ: ಅಕ್ಕಿ-ಬೇಳೆ, ಎಣ್ಣೆ-ಬೆಲ್ಲ, ಸಾಂಬಾರ ಪದಾರ್ಥ, ಸೋಪು-ಪುಡಿ, ತರಕಾರಿ, ಹಾಲು-ಮೊಸರು. ಈ ಹಾಳೆಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿ, ಪಕ್ಕದಲ್ಲೊಂದು ಪೆನ್ಸಿಲ್ ತೂಗುಹಾಕಿ. ಡಬ್ಬ ಖಾಲಿಯಾಗುತ್ತ ಬಂದುದನ್ನು ಕಂಡವರು, ಯಾರೇ ಆಗಲಿ, ಆಗಲೇ ಅದರ ತಲೆಬರಹದ ಕೆಳಗೆ ಎಷ್ಟು ಬೇಕೆಂಬುದನ್ನೂ ಸೇರಿಸಿ ಬರೆಯಬೇಕು. 'ಎಣ್ಣೆ' ಎಂದರೆ ಸಾಲದು, 'ಕಡಲೆಕಾಯಿ ಎಣ್ಣೆ, 2 ಲೀಟರ್' ಎಂದಿರಬೇಕು. ಇಲ್ಲವಾದರೆ ಕಪಾಟಿನ ಮುಂದೆ ನಿಂತು ಮನೆಗೆ ಫೋನು ಮಾಡುವುದು ತಪ್ಪುವುದಿಲ್ಲ.

ಎರಡು ವಿಷಯಗಳಲ್ಲಿ ಮಾತ್ರ ಅಂಗಡಿಯ ಕ್ರಮವನ್ನು ಮುರಿಯಬೇಕಾಗುತ್ತದೆ. ಭಾರದ ಸಾಮಾನು ಮೊದಲು, ಅಡಿಯಲ್ಲಿ. ಬ್ರೆಡ್ಡು, ಟೊಮೆಟೊ ಆಮೇಲೆ, ಮೇಲೆ. ಹಾಲು, ಮೊಸರು, ಪನೀರು ಎಲ್ಲಕ್ಕಿಂತ ಕಡೆಗೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳು ಚೆನ್ನಾಗಿ ಬೆಳೆಯುತ್ತವೆ. ಅನುಕೂಲ ಪರಿಸ್ಥಿತಿಯಲ್ಲಿ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು, ಅಂದರೆ ಒಂದು ಗಂಟೆಯಲ್ಲಿ ಎಂಟು ಪಟ್ಟು. ಹಾಲಿನ ಪೊಟ್ಟಣ ಟ್ರಾಲಿಯಲ್ಲಿ ಕಳೆಯುವ ಹೊತ್ತು ಕಡಿಮೆಯಾದಷ್ಟೂ ಒಳ್ಳೆಯದು.

ವಿದ್ಯಾರ್ಥಿ ಮಿತ್ರರೇ, ಇದನ್ನು ಕೇವಲ ನಂಬಬೇಡಿ, ಪ್ರಯೋಗ ಮಾಡಿ ನೋಡಿ. ಒಂದು ಸಲ ಹಳೆಯ ಚೀಟಿ, ಮುಂದಿನ ಸಲ ವಿಂಗಡಿಸಿದ ಚೀಟಿ. ಅಂಗಡಿ, ವಾರ, ಹೊತ್ತು ಒಂದೇ ಇರಲಿ. ಸಾಮಾನುಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಬಿಲ್ಲಿನ ಸರತಿಯಲ್ಲಿ ನಿಂತ ಸಮಯವನ್ನು ಕಳೆಯಿರಿ. ಮರೆತ ಸಾಮಾನೆಷ್ಟು, ಹಿಂದಿರುಗಿ ನಡೆದ ಸಾಲೆಷ್ಟು ಎಂಬುದನ್ನೂ ಬರೆದುಕೊಳ್ಳಿ. ಒಂದನ್ನು ಮಾತ್ರ ಬದಲಿಸಿ ಉಳಿದುದನ್ನೆಲ್ಲ ಹಾಗೇ ಇಟ್ಟು ನೋಡುವುದೇ ವಿಜ್ಞಾನದ ವಿಧಾನ. ಒಂದೇ ಸಲದ ಫಲಿತಾಂಶಕ್ಕೆ ತೃಪ್ತರಾಗದೆ ಮೂರು ನಾಲ್ಕು ತಿಂಗಳು ಮುಂದುವರಿಸಿ.

ನಮ್ಮ ಮನೆಯಲ್ಲಿ ಈ ತಿಂಗಳು ಅದೇ ಅಂಗಡಿಗೆ ನಾನು, ಮಗಳು ಹೋಗಿ ಬರಲು ಹಿಡಿದದ್ದು 40 ನಿಮಿಷ. ಉಪ್ಪೂ ಬಂತು. ಆದರೆ ಉಳಿದ ನಿಮಿಷಗಳಿಗಿಂತ ದೊಡ್ಡ ಲಾಭ ಬೇರೆಯಿದೆ. ಒಬ್ಬರ ತಲೆಯಲ್ಲಿದ್ದ ಚೀಟಿ ಈಗ ಗೋಡೆಯ ಮೇಲಿದೆ, ಅದರಲ್ಲಿ ಮೂವರ ಕೈಬರಹವೂ ಇದೆ. ಪೋಷಕರೇ, ನಿಮ್ಮ ಮನೆಯ ಚೀಟಿ ಯಾರ ತಲೆಯಲ್ಲಿದೆ? ಇಂದೇ ಕೇಳಿ ನೋಡಿ.