ಆಯುಷ್ಮಾನ್ ಕಾರ್ಡ್ ಇದ್ದರೆ ಅಪರೂಪದ ಕಾಯಿಲೆಗೆ ಮನೆಯಲ್ಲೇ ಉಚಿತ ಔಷಧಿ ಸಿಗುತ್ತದೆಯೇ?

‘ಅಪರೂಪದ ಕಾಯಿಲೆಗೆ ಸರ್ಕಾರ 50 ಲಕ್ಷ ಕೊಡುತ್ತದೆ, ಆಯುಷ್ಮಾನ್ ಕಾರ್ಡ್ ತೋರಿಸಿದರೆ ಸಾಕು’ ಎಂಬ ಅರ್ಥದ ಮಾತು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವುದುಂಟು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎರಡು ಬೇರೆ ಬೇರೆ ಯೋಜನೆಗಳನ್ನು ಇಲ್ಲಿ ಗಂಟು ಹಾಕಲಾಗಿದೆ.

ಆಯುಷ್ಮಾನ್ ಭಾರತ್ ಆಸ್ಪತ್ರೆಗೆ ದಾಖಲಾದವರ ವಿಮೆ. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಕರ್ನಾಟಕದಲ್ಲಿ ಇದು ಆರೋಗ್ಯ ಕರ್ನಾಟಕದ ಜೊತೆ ಸೇರಿಕೊಂಡಿದೆ. ಡಿಸ್ಚಾರ್ಜ್ ಆದ ಮೇಲೆ 15 ದಿನಗಳ ಆರೈಕೆ ಪ್ಯಾಕೇಜಿನೊಳಗೇ ಬರುತ್ತದೆ. ಅದರಾಚೆ ಮನೆಯಲ್ಲಿ ದಿನವೂ ತೆಗೆದುಕೊಳ್ಳುವ ಔಷಧಿ, ಉಸಿರಾಟದ ಯಂತ್ರ, ಫಿಸಿಯೋಥೆರಪಿ ಯಾವುದೂ ಬರುವುದಿಲ್ಲ.

50 ಲಕ್ಷದ ಮಾತು ಬಂದದ್ದು 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯಿಂದ. ಮೊದಲು 20 ಲಕ್ಷವಿದ್ದ ಮಿತಿಯನ್ನು 2022ರಲ್ಲಿ 50 ಲಕ್ಷಕ್ಕೆ ಏರಿಸಲಾಯಿತು. ಈ ಹಣ ರೋಗಿಯ ಬ್ಯಾಂಕ್ ಖಾತೆಗೆ ಬರುವುದಿಲ್ಲ, ಸರ್ಕಾರ ಗುರುತಿಸಿದ ಉತ್ಕೃಷ್ಟತಾ ಕೇಂದ್ರಕ್ಕೆ ಹೋಗುತ್ತದೆ. ವರ್ಷ ವರ್ಷ ಸಿಗುವ ಹಣವೂ ಅಲ್ಲ. ತೊಡಕಿರುವುದು ಇಲ್ಲೇ.

ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಅಂದರೆ ಎಸ್‌ಎಂಎ, ಸ್ನಾಯುಗಳ ಬಲ ಕುಂದಿಸುತ್ತಾ ಹೋಗುವ ಆನುವಂಶಿಕ ಕಾಯಿಲೆ. ಇದಕ್ಕೆ ರಿಸ್ಡಿಪ್ಲಾಮ್ ಎಂಬ ಔಷಧಿಯಿದೆ. ದಿನಕ್ಕೊಮ್ಮೆ ಮನೆಯಲ್ಲೇ ಬಾಯಿಗೆ ಹಾಕುವ ದ್ರವ, ಜೀವನಪೂರ್ತಿ ಬೇಕು. ಒಂದು ಬಾಟಲಿಯಲ್ಲಿ 60 ಮಿಲಿಗ್ರಾಂ. 20 ಕೆಜಿ ದಾಟಿದವರಿಗೆ ದಿನಕ್ಕೆ 5 ಮಿಲಿಗ್ರಾಂ, ಹಾಗಾಗಿ 12 ದಿನಕ್ಕೊಂದು ಬಾಟಲಿ, ವರ್ಷಕ್ಕೆ ಸುಮಾರು 30. ಮೂಲ ಕಂಪನಿಯ ಬಾಟಲಿಗೆ ಸುಮಾರು 6 ಲಕ್ಷ ರೂಪಾಯಿ. ಎಂಟು ಬಾಟಲಿಗೆ, ಮೂರು ತಿಂಗಳಿನಲ್ಲಿ, 50 ಲಕ್ಷ ಮುಗಿಯಿತು! ಮಿತಿ ದಾಟಿಯೂ ಔಷಧಿ ಕೊಡಬೇಕೆಂದು ಕೇರಳ ಹೈಕೋರ್ಟ್ ನೀಡಿದ್ದ ಆದೇಶಕ್ಕೆ 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಲೆಕ್ಕ ಬದಲಾಯಿತು. ಪೇಟೆಂಟ್ ವ್ಯಾಜ್ಯದ ತೀರ್ಪು ದೆಹಲಿ ಹೈಕೋರ್ಟಿನಲ್ಲಿ ತನ್ನ ಕಡೆ ಬಂದ ಮೇಲೆ ಹೈದರಾಬಾದಿನ ನ್ಯಾಟ್ಕೋ ಕಂಪನಿ ಇದೇ ಔಷಧಿಯನ್ನು ಬಾಟಲಿಗೆ 15,900 ರೂಪಾಯಿಗೆ ತಂದಿತು. ವರ್ಷಕ್ಕೆ 30 ಬಾಟಲಿಯೆಂದರೆ 4.77 ಲಕ್ಷ. ಆಯುಷ್ಮಾನ್‌ನ 5 ಲಕ್ಷದೊಳಗೇ ಬಂತಲ್ಲ ಎಂದು ನಿಮಗೂ ಅನ್ನಿಸಬಹುದು. ಮೊತ್ತವೇನೋ ಹೊಂದುತ್ತದೆ, ನಿಯಮ ಹೊಂದುವುದಿಲ್ಲ. ಮಗು ವಾರ್ಡಿನಲ್ಲಿಲ್ಲ, ಮನೆಯಲ್ಲಿದೆ. ಆಸ್ಪತ್ರೆಯ ಮಂಚವನ್ನೇ ಅಳತೆಗೋಲು ಮಾಡಿಕೊಂಡ ವಿಮೆ ಇಂಥ ಕಾಯಿಲೆಗೆ ಒಗ್ಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. 50 ಲಕ್ಷದ ನೆರವು ಮಾತ್ರ ಈ ಬೆಲೆಯಲ್ಲಿ ಹತ್ತು ವರ್ಷ ಎಳೆಯಬಲ್ಲದು.

ಖಾಸಗಿ ಪಾಲಿಸಿಗಳಲ್ಲಿ ಕಾಣುವ ‘ಡೊಮಿಸಿಲಿಯರಿ’ ಎಂಬ ಪದ ನೋಡಿ ಮೋಸಹೋಗಬೇಡಿ. ದಾಖಲಾಗಬೇಕಾದ ರೋಗಿಯನ್ನು ಸಾಗಿಸಲಾಗದಿದ್ದಾಗ ಅಥವಾ ಹಾಸಿಗೆ ಸಿಗದಿದ್ದಾಗ ಮನೆಯಲ್ಲಿ ಕೊಡುವ ಚಿಕಿತ್ಸೆ ಅದು. ನಿತ್ಯದ ಔಷಧಿಗೆ ಅನ್ವಯಿಸದು.

ಬಂಧುಗಳಲ್ಲಿ ಯಾರಿಗಾದರೂ ಇಂಥ ಕಾಯಿಲೆಯಿದ್ದರೆ ಫಾರ್ವರ್ಡ್ ಕಳಿಸುವ ಬದಲು ವಿಳಾಸ ಕಳಿಸಿ: ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ನಡೆಸುವ ಉತ್ಕೃಷ್ಟತಾ ಕೇಂದ್ರ. ಹೋಗುವಾಗ ಜೆನೆಟಿಕ್ ಪರೀಕ್ಷೆಯ ವರದಿ ಆಗಿದ್ದರೆ ಒಯ್ಯಲು ಹೇಳಿ. ಕಾಯಿಲೆಯ ಹೆಸರು ನೀತಿಯ ಪಟ್ಟಿಯಲ್ಲಿದೆಯೇ ಎಂಬುದನ್ನು ಅಲ್ಲೇ ಮೊದಲು ಕೇಳಬೇಕು.